ಬೀರುವಿನಲ್ಲಿ ಮಲಗಿದ್ದ ಸೈನ್ಯ

ನಮ್ಮ ಶಾಲೆಯ ವಾಚನಾಲಯದ ಮೂಲೆಯಲ್ಲಿ ಒಂದು ಹಳೆಯ ಗಾಜಿನ ಬೀರು ಇರುವುದನ್ನು ವಿದ್ಯಾರ್ಥಿಗಳೆಲ್ಲರೂ ನೋಡಿದ್ದೀರಿ. ಅದರ ಕೆಳಗಿನ ಖಾನೆಯಲ್ಲಿ ಏನಿತ್ತೆಂಬುದು ಮಾತ್ರ ಬಹಳ ಮಂದಿಗೆ ತಿಳಿಯದು. ಅಲ್ಲಿ ಒಂದು ಸೈನ್ಯವೇ ಮಲಗಿತ್ತು. 1994ರಲ್ಲಿ ಶಾಲೆಯ ವಸ್ತುಪ್ರದರ್ಶನಕ್ಕಾಗಿ ಅಂದಿನ ಒಂಬತ್ತನೆಯ ತರಗತಿಯವರು ಕೆರೆಯ ಜೇಡಿಮಣ್ಣಿನಿಂದ ಪುರೂರಾಜನ ಚತುರಂಗ ಬಲವನ್ನು ಮಾಡಿದ್ದರು. ಆನೆ 8, ರಥ 6, ಕುದುರೆ ಸವಾರರು 20, ಕಾಲಾಳುಗಳು 110. ಬಿಸಿಲಿಗೆ ಒಣಗಿಸಿ, ಎಣ್ಣೆ ಬಣ್ಣ ಹಚ್ಚಿ, ಹಲಗೆಯ ಮೇಲೆ ನಿಲ್ಲಿಸಿ ಬಹುಮಾನವನ್ನೂ ಪಡೆದಿದ್ದರು. ಆಮೇಲೆ ಅದನ್ನು ಹಳೆಯ ಪತ್ರಿಕೆಗಳಲ್ಲಿ ಸುತ್ತಿ ಒಳಗಿಟ್ಟವರು ಮತ್ತೆ ತೆಗೆಯಲಿಲ್ಲ.

ಈ ವರ್ಷದ ಪ್ರದರ್ಶನಕ್ಕೆ ಅದನ್ನೇ ಹೊರತೆಗೆಯೋಣವೆಂದು ನಾವು ನಿಶ್ಚಯಿಸಿದೆವು. ಬಿಚ್ಚಿ ನೋಡಿದರೆ ಬಣ್ಣ ಹೆಪ್ಪಳಿಕೆ ಎದ್ದಿತ್ತು, ಕೆಲವರ ಕೈ ಮುರಿದಿತ್ತು, ಒಬ್ಬ ಸೈನಿಕನಿಗಿಂತ ಇನ್ನೊಬ್ಬ ಒಂದೂವರೆ ಪಾಲು ಎತ್ತರವಿದ್ದ. ಇದನ್ನು ಸರಿಪಡಿಸುವುದು ಹೇಗೆಂದು ಓದಿ ತಿಳಿಯಲು ಹೊರಟಾಗ, ದೂರದ ಇಂಗ್ಲೆಂಡ್ ಮುಂತಾದ ದೇಶಗಳಲ್ಲಿ ಇದೇ ಕೆಲಸವನ್ನು ಹವ್ಯಾಸವಾಗಿ ಮಾಡುವ ಸಾವಿರಾರು ಜನರಿದ್ದಾರೆಂದು ತಿಳಿಯಿತು. ಅವರ ಅನುಭವದಿಂದ ನಾವು ಕಲಿತದ್ದನ್ನು ಇಲ್ಲಿ ವಿವರಿಸುತ್ತೇವೆ.

ಮೇಜಿನ ಮೇಲಿನ ಯುದ್ಧ

ಪುಟ್ಟ ಬೊಂಬೆಗಳ ಸೈನ್ಯವನ್ನು ಮೇಜಿನ ಮೇಲೆ ನಿಲ್ಲಿಸಿ, ಅಳತೆಗೋಲು ಮತ್ತು ದಾಳಗಳ ಸಹಾಯದಿಂದ ಇಬ್ಬರು ಆಡುವ ಆಟಕ್ಕೆ ಯುದ್ಧದಾಟ ಎನ್ನಬಹುದು. ಇದರ ಮೂಲವನ್ನು ಹುಡುಕುತ್ತಾ ಹೋದರೆ ನಮ್ಮ ದೇಶಕ್ಕೇ ಬಂದು ಮುಟ್ಟುತ್ತೇವೆ. ಆನೆ, ಕುದುರೆ, ರಥ, ಪದಾತಿ ಎಂಬ ನಾಲ್ಕು ಅಂಗಗಳ ಸೈನ್ಯವೇ ಚತುರಂಗ. ಆ ಹೆಸರಿನ ಆಟದ ಪ್ರಸ್ತಾಪ ಏಳನೆಯ ಶತಮಾನದಲ್ಲಿ ಬಾಣಭಟ್ಟನು ಬರೆದ ಹರ್ಷಚರಿತದಲ್ಲಿ ಬರುತ್ತದೆ. ಆ ಆಟ ಪರ್ಷಿಯಾ ದೇಶಕ್ಕೆ ಹೋಗಿ, ಅರಬರ ಕೈಯಲ್ಲಿ ಶತರಂಜ್ ಆಗಿ, ಯುರೋಪನ್ನು ತಲುಪಿ ಇಂದಿನ ಚೆಸ್ ಆಯಿತು.

ಚದುರಂಗದಲ್ಲಿ ನೆಲವೆಲ್ಲ ಒಂದೇ ಸಮ. ಬೆಟ್ಟವಿಲ್ಲ, ಹೊಳೆಯಿಲ್ಲ, ಕೆಸರಿಲ್ಲ. ನಿಜವಾದ ಯುದ್ಧ ಹಾಗಿರುವುದಿಲ್ಲವಲ್ಲ! ಆದ್ದರಿಂದ 1780ರಲ್ಲಿ ಜರ್ಮನಿಯ ಬ್ರೌನ್‌ಷ್ವೈಗ್ ಎಂಬಲ್ಲಿ ಹೆಲ್‌ವಿಗ್ ಎಂಬ ಗಣಿತದ ಅಧ್ಯಾಪಕರು ಚದುರಂಗವನ್ನೇ ಹಿಗ್ಗಿಸಿ, ಮನೆಗಳಿಗೆ ಬೇರೆ ಬೇರೆ ಬಣ್ಣ ಕೊಟ್ಟು, ಇದು ಬೆಟ್ಟ, ಇದು ನೀರು ಎಂದು ಗೊತ್ತುಮಾಡಿದರು. 1824ರಲ್ಲಿ ಪ್ರಷ್ಯಾದ ಫಿರಂಗಿ ದಳದ ತರುಣ ಅಧಿಕಾರಿ ರೈಸ್‌ವಿಟ್ಸ್ ಎಂಬವರು ಮನೆಗಳನ್ನೇ ಕೈಬಿಟ್ಟು, 1:8000 ಪ್ರಮಾಣದ ನಕ್ಷೆಯ ಮೇಲೆ ಆಡುವ ಆಟವನ್ನು ಪ್ರಕಟಿಸಿದರು. ಗುಂಡು ತಾಗಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತಿತ್ತು. ಎದುರಾಳಿಯ ಪಡೆ ಕಣ್ಣಿಗೆ ಬಿತ್ತೋ ಇಲ್ಲವೋ ಎಂಬುದನ್ನು ತೀರ್ಪುಗಾರನು ನಿರ್ಣಯಿಸುತ್ತಿದ್ದನು. ಸೇನಾಧಿಕಾರಿಗಳ ಶಿಕ್ಷಣಕ್ಕೆ ಇದನ್ನು ಬಳಸಿದರು.

ಇದು ಮನೆಯ ಆಟವಾದದ್ದು ಇಂಗ್ಲೆಂಡಿನಲ್ಲಿ. 1893ರಲ್ಲಿ ಲಂಡನ್ನಿನ ವಿಲಿಯಂ ಬ್ರಿಟನ್ ಸಂಸ್ಥೆಯವರು ಒಳಗೆ ಪೊಳ್ಳಾಗಿರುವ ಸೀಸದ ಸಿಪಾಯಿಗಳನ್ನು ಎರಕ ಹೊಯ್ಯುವ ವಿಧಾನ ಕಂಡುಕೊಂಡರು. ಸೀಸ ಕಡಿಮೆ ಸಾಕಾದುದರಿಂದ ಬೆಲೆಯೂ ಇಳಿಯಿತು. ಈ ಸಿಪಾಯಿಗಳನ್ನೇ ಮನೆಯ ನೆಲದ ಮೇಲೆ ನಿಲ್ಲಿಸಿ, ಪುಸ್ತಕಗಳನ್ನು ಬೆಟ್ಟವಾಗಿ, ಮರದ ತುಂಡುಗಳನ್ನು ಊರಾಗಿ ಜೋಡಿಸಿ, ಸ್ಪ್ರಿಂಗಿನ ಆಟದ ಫಿರಂಗಿಯಿಂದ ಹೊಡೆದು ಆಡುವ ನಿಯಮಗಳನ್ನು 1913ರಲ್ಲಿ ಎಚ್. ಜಿ. ವೆಲ್ಸ್ ಬರೆದರು. ವಿಜ್ಞಾನದ ಕಥೆಗಳಿಂದ ಪ್ರಸಿದ್ಧರಾದ ಅದೇ ವೆಲ್ಸ್. ಯುದ್ಧ ಬೇಕಾದವರು ಸೀಸದ ಸಿಪಾಯಿಗಳೊಂದಿಗೆ ಆಡಿ ತಣಿಯಲಿ, ಅದರಿಂದ ಯಾವ ತಾಯಿಯೂ ಮಗನನ್ನು ಕಳೆದುಕೊಳ್ಳುವುದಿಲ್ಲ ಎಂಬುದು ಅವರ ಇಂಗಿತವಾಗಿತ್ತು. ಮರುವರ್ಷವೇ, 1914ರಲ್ಲಿ, ಮೊದಲನೆಯ ಮಹಾಯುದ್ಧ ಆರಂಭವಾಯಿತೆಂಬುದನ್ನು ನೆನೆದರೆ ಮನಸ್ಸು ಮಂಕಾಗುತ್ತದೆ.

1962ರಲ್ಲಿ ಡೊನಾಲ್ಡ್ ಫೆದರ್‌ಸ್ಟೋನ್ ಎಂಬವರ ಪುಸ್ತಕ ಬಂದ ಮೇಲೆ ಈ ಹವ್ಯಾಸ ಊರೂರಿಗೆ ಹಬ್ಬಿತು. ಅಂದು ಹುಡುಗರಾಗಿ ಸೈನ್ಯ ಕಟ್ಟಿದವರು ಮುಂದೆ ಓದು, ಉದ್ಯೋಗ, ಸಂಸಾರ ಎಂದು ಪೆಟ್ಟಿಗೆ ಮುಚ್ಚಿಟ್ಟರು. ಇಪ್ಪತ್ತು ಮೂವತ್ತು ವರ್ಷಗಳ ಮೇಲೆ ಮತ್ತೆ ತೆರೆದಾಗ ಅವರು ಕಂಡದ್ದೂ ನಾವು ಕಂಡದ್ದೂ ಹೆಚ್ಚುಕಡಿಮೆ ಒಂದೇ.

ಮೊದಲು ಪರೀಕ್ಷೆ, ಆಮೇಲೆ ಚಿಕಿತ್ಸೆ

ಅನುಭವಸ್ಥರು ಹೇಳುವ ಮೊದಲ ಮಾತು, ಕುಂಚವನ್ನು ಕೈಗೆತ್ತಿಕೊಳ್ಳಬೇಡಿ ಎಂಬುದು. ಮೊದಲು ಇದ್ದುದೆಲ್ಲವನ್ನೂ ಬಿಡಿಸಿ ಸಾಲಾಗಿಟ್ಟು ಎಣಿಸಬೇಕು, ಇದ್ದ ಸ್ಥಿತಿಯಲ್ಲೇ ಒಂದು ಛಾಯಾಚಿತ್ರ ತೆಗೆಯಬೇಕು. ಸರಿಯಾಗಿರುವವು, ಚಿಕ್ಕ ರಿಪೇರಿಯವು, ಕೆಟ್ಟುಹೋದವು ಎಂದು ಮೂರು ಗುಂಪು ಮಾಡಬೇಕು. ವೈದ್ಯರು ನಾಡಿ ನೋಡಿದ ಮೇಲೆ ತಾನೆ ಔಷಧಿ ಬರೆಯುವುದು?

ಸೀಸದ ಬೊಂಬೆಗಳಿಗೆ ಒಂದು ರೋಗವುಂಟು. ಮೈಮೇಲೆ ಬೂದಿಯಂಥ ಬಿಳಿಯ ಪುಡಿ ಏಳುತ್ತದೆ. ಮರದ ಬೀರುಗಳಿಂದ, ಅದರಲ್ಲೂ ಓಕ್ ಮರದ ಬೀರುಗಳಿಂದ, ಅಸಿಟಿಕ್ ಆಮ್ಲದ ಆವಿ ಸ್ವಲ್ಪ ಸ್ವಲ್ಪವಾಗಿ ಹೊರಡುತ್ತಿರುತ್ತದೆ. ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡ್ ಜೊತೆಗೂಡಿ ಅದು ಸೀಸವನ್ನು ತಿನ್ನುತ್ತದೆ. ಸೀಸದ ಕಾರ್ಬೊನೇಟ್ ಉಂಟಾಗುತ್ತದೆ. ಅಂದವಾದ ಮರದ ಬೀರುವಿನಲ್ಲಿ ಭದ್ರವಾಗಿ ಮುಚ್ಚಿಟ್ಟದ್ದೇ ಬೊಂಬೆಗೆ ಮುಳುವಾಗುತ್ತದೆ! ಆದ್ದರಿಂದ ಗಾಳಿಯಾಡುವ, ತೇವವಿಲ್ಲದ ಜಾಗದಲ್ಲಿ ಇಡುವುದು ಮೇಲು.

ಈ ಪುಡಿ ವಿಷ. ಸೀಸ ದೇಹವನ್ನು ಸೇರಿದರೆ ಮಕ್ಕಳ ಮೆದುಳಿನ ಬೆಳವಣಿಗೆಗೆ ಹಾನಿಯುಂಟಾಗುತ್ತದೆ. 1990ರ ದಶಕದಲ್ಲಿ ಅನೇಕ ತಯಾರಕರು ಸೀಸವನ್ನು ಬಿಟ್ಟು, ತವರ ಹೆಚ್ಚಾಗಿರುವ ಮಿಶ್ರಲೋಹಕ್ಕೆ ಬದಲಾಯಿಸಿಕೊಂಡರು. ಹಳೆಯ ಬೊಂಬೆಗಳನ್ನು ಹಿಡಿದವರು ಕೈತೊಳೆಯದೆ ಏನನ್ನೂ ತಿನ್ನಬಾರದು. ಒಣಗಿದ್ದಾಗ ಕೆರೆದು ಧೂಳೆಬ್ಬಿಸಬಾರದು.

ತಂದೆತಾಯಿಯರು ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ನಮ್ಮವು ಮಣ್ಣಿನ ಬೊಂಬೆಗಳಾದರೂ ಮೇಲಿನ ಬಣ್ಣ ಹಳೆಯದು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷದಲ್ಲಿ 90 ಪಾಲಿಗಿಂತ ಹೆಚ್ಚಿರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್ 1ರಂದು. ಅದಕ್ಕೆ ಮುಂಚಿನ ಬಣ್ಣದಲ್ಲಿ ಎಷ್ಟು ಸೀಸವಿತ್ತೆಂದು ಕಣ್ಣಿಗೆ ಕಾಣದು. ಒಬ್ಬ ವಿದ್ಯಾರ್ಥಿ ಬ್ಲೇಡಿನಿಂದ ಆನೆಯ ಬೆನ್ನು ಕೆರೆಯಲು ತೊಡಗಿದ್ದನು. ನಾವು ಕೂಡಲೇ ನಿಲ್ಲಿಸಿದೆವು. ಮನೆಯ ಹಳೆಯ ಕಿಟಕಿ, ತೊಟ್ಟಿಲು, ಆಟದ ಸಾಮಾನುಗಳನ್ನು ಉಜ್ಜಿ ಹೊಸ ಬಣ್ಣ ಹಚ್ಚುವಾಗಲೂ ಮಕ್ಕಳನ್ನು ದೂರವಿಡುವುದು ಒಳ್ಳೆಯದು. ಒದ್ದೆಮಾಡಿ ಉಜ್ಜಿದರೆ ಧೂಳೇಳುವುದಿಲ್ಲ.

ಹಳೆಯ ಬಣ್ಣವನ್ನು ತೆಗೆಯುವ ವಿಚಾರದಲ್ಲಿ ನಾವು ಒಂದು ಪಾಠ ಕಲಿತೆವು. ಲೋಹದ ಬೊಂಬೆಗಳನ್ನು ದ್ರಾವಕದಲ್ಲಿ ನೆನೆಹಾಕಿ, ಮೆತ್ತಗಾದ ಬಣ್ಣವನ್ನು ಬ್ರಷ್ಷಿನಿಂದ ತೆಗೆಯುತ್ತಾರೆಂದು ತರಗತಿಯಲ್ಲಿ ಹೇಳಿದ್ದೆವು. ಅದನ್ನು ಕೇಳಿದ ಇಬ್ಬರು ಉತ್ಸಾಹಿಗಳು ಹತ್ತು ಕಾಲಾಳುಗಳನ್ನು ಬಕೆಟ್ಟಿನ ನೀರಿನಲ್ಲಿ ನೆನೆಹಾಕಿ ಮನೆಗೆ ಹೋದರು. ಬೆಳಗ್ಗೆ ಬಂದು ನೋಡಿದರೆ ಬಕೆಟ್ಟಿನ ತಳದಲ್ಲಿ ಕೆಸರು, ಮೇಲೆ ಬಣ್ಣದ ಸಿಪ್ಪೆ! ಸುಡದ ಮಣ್ಣು ನೀರಿನಲ್ಲಿ ಕರಗುವುದೆಂದು ಆರನೆಯ ತರಗತಿಯವರಿಗೂ ಗೊತ್ತು, ಗೊತ್ತಿದ್ದೂ ಹೊಳೆಯಲಿಲ್ಲ. ಒಂದು ವಸ್ತುವಿಗೆ ಒಗ್ಗಿದ ಉಪಾಯ ಇನ್ನೊಂದಕ್ಕೆ ಒಗ್ಗಬೇಕೆಂದಿಲ್ಲ.

ಅಳತೆಯ ತೊಡಕು

ಹಳೆಯ ಸೈನ್ಯಕ್ಕೆ ಹೊಸಬರನ್ನು ಸೇರಿಸುವಾಗ ಏಳುವ ದೊಡ್ಡ ತೊಡಕು ಎತ್ತರದ್ದು. ಬ್ರಿಟನ್ ಸಂಸ್ಥೆಯ ಸಿಪಾಯಿ 54 ಮಿಲಿಮೀಟರ್ ಎತ್ತರ. ಇದನ್ನು 32ರಿಂದ ಗುಣಿಸಿದರೆ 1728 ಮಿಲಿಮೀಟರ್, ಎಂದರೆ 5 ಅಡಿ 8 ಅಂಗುಲದ ಮನುಷ್ಯ. ಮೇಜಿನ ಆಟಕ್ಕೆ ಇದು ದೊಡ್ಡದಾದ್ದರಿಂದ 25 ಮಿಲಿಮೀಟರಿನ ಬೊಂಬೆಗಳು ಬಂದವು. ಕಾಲಕ್ರಮದಲ್ಲಿ ತಯಾರಕರು ಮುಖದ ಕೆತ್ತನೆ ಚೆನ್ನಾಗಿ ಕಾಣಲೆಂದು ಸ್ವಲ್ಪ ಸ್ವಲ್ಪವೇ ದೊಡ್ಡದು ಮಾಡುತ್ತಾ 28 ಮಿಲಿಮೀಟರಿಗೆ ಮುಟ್ಟಿಸಿದರು. ಮೂರು ಮಿಲಿಮೀಟರು ಏನು ಮಹಾ ಎನ್ನುತ್ತೀರಾ? ಲೆಕ್ಕ ಹಾಕಿ ನೋಡಿ. ಹಳೆಯ ಬೊಂಬೆ 5 ಅಡಿ 8 ಅಂಗುಲದವನಾದರೆ ಅದರ ಪಕ್ಕದ ಹೊಸ ಬೊಂಬೆ 6 ಅಡಿ 4 ಅಂಗುಲದವನಾಗುತ್ತಾನೆ. ಇದಕ್ಕೆ ಹವ್ಯಾಸಿಗಳ ಪರಿಹಾರ ಸುಲಭವಾದುದು. ಹಳಬರನ್ನೂ ಹೊಸಬರನ್ನೂ ಒಂದೇ ಸಾಲಿನಲ್ಲಿ ಬೆರೆಸದೆ ಬೇರೆ ಬೇರೆ ತುಕಡಿಗಳಾಗಿ ನಿಲ್ಲಿಸುತ್ತಾರೆ. ಒಂದು ಗೇಣು ದೂರವಿದ್ದರೆ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ.

ಎರಡನೆಯ ತೊಡಕು ಕಾಲಡಿಯ ಪೀಠದ್ದು. ತುಕಡಿ ಎಷ್ಟು ಅಗಲ ನಿಲ್ಲುತ್ತದೆಂಬುದರ ಮೇಲೆ ಆಟದ ಫಲಿತಾಂಶ ನಿಲ್ಲುವುದರಿಂದ, ನಿಯಮ ಬದಲಾದಾಗ ಪೀಠವೂ ಬದಲಾಗುತ್ತದೆ. ಇಂಗ್ಲೆಂಡಿನ ವಾರ್‌ಹ್ಯಾಮರ್ ಎಂಬ ಕಾಲ್ಪನಿಕ ಲೋಕದ ಯುದ್ಧದಾಟ 1983ರಲ್ಲಿ ಆರಂಭವಾಯಿತು. 2015ರಲ್ಲಿ ಅದರ ತಯಾರಕರು ಆ ಹಳೆಯ ಲೋಕವನ್ನೇ ಮುಗಿಸಿ, ದುಂಡು ಪೀಠದ ಹೊಸ ಆಟವನ್ನು ತಂದರು. 2024ರಲ್ಲಿ ಹಳೆಯ ಲೋಕ ಮತ್ತೆ ಬಂತು. ಆದರೆ 20 ಮಿಲಿಮೀಟರ್ ಚೌಕದ ಮೇಲೆ ನಿಲ್ಲುತ್ತಿದ್ದ ಮನುಷ್ಯ ಕಾಲಾಳುವಿಗೆ ಈಗ 25 ಮಿಲಿಮೀಟರ್ ಚೌಕ. ಐವರ ಸಾಲು 100 ಮಿಲಿಮೀಟರ್ ಇದ್ದದ್ದು 125 ಆಯಿತು. ಇದಕ್ಕಾಗಿ ಸಾವಿರಾರು ಬೊಂಬೆಗಳ ಪಾದ ಕೀಳಬೇಕೆ? ಜಾಣರು ಹಾಗೆ ಮಾಡಲಿಲ್ಲ. ಮಧ್ಯೆ ಅಂತರ ಬಿಟ್ಟ ತಟ್ಟೆಗಳನ್ನು ಮಾಡಿ, ಹಳೆಯ ಪೀಠಗಳನ್ನು ಹಾಗೆಯೇ ಅದರೊಳಗೆ ಕೂರಿಸಿದರು. ಬೇಡವೆನಿಸಿದಾಗ ತೆಗೆಯಲೂಬಹುದು. ಹಿಂದಕ್ಕೆ ಬರಲು ದಾರಿಯಿರುವಂಥ ಮಾರ್ಪಾಟೇ ಒಳ್ಳೆಯ ಮಾರ್ಪಾಟು.

ಇನ್ನೊಂದು ದಾರಿಯೂ ಇದೆ. ಪ್ರಾಚೀನ ಕಾಲದ ಯುದ್ಧಗಳನ್ನು ಆಡುವವರಿಗಾಗಿ 1990ರಲ್ಲಿ ಡಿ.ಬಿ.ಎ. ಎಂಬ ಚಿಕ್ಕ ನಿಯಮಾವಳಿ ಬಂತು. ಅದರಲ್ಲಿ ಒಂದು ಸೈನ್ಯಕ್ಕೆ 12 ತುಂಡುಗಳು ಸಾಕು. ನೂರಾರು ಬೊಂಬೆಗಳು ಬೇಕಾಗಿದ್ದ ಹಿಂದಿನ ಆಟಗಳಿಗಾಗಿ ಕಟ್ಟಿದ ಒಂದು ಸೈನ್ಯದಿಂದ ಎರಡು ಮೂರು ಸೈನ್ಯಗಳನ್ನೇ ಮಾಡಿಕೊಳ್ಳಬಹುದು. ಎಲ್ಲವನ್ನೂ ಒಟ್ಟಿಗೆ ಸರಿಪಡಿಸುತ್ತೇನೆಂದು ಹೊರಟವರು ಅರ್ಧಕ್ಕೇ ಬಿಡುತ್ತಾರೆ. ಮೊದಲು ಆಡುವಷ್ಟನ್ನು ಸರಿಪಡಿಸಿಕೊಂಡವರು ಮುಗಿಸುತ್ತಾರೆ.

ವಿತಸ್ತಾ ನದಿಯ ದಡದಲ್ಲಿ

ಬಣ್ಣ, ಪೀಠಗಳಿಗಿಂತ ಮುಖ್ಯವಾದುದು ತಿಳಿವಳಿಕೆಯ ಮಾರ್ಪಾಟು. ನಮ್ಮ ಬೊಂಬೆಗಳು ಕ್ರಿ.ಪೂ. 326ರಲ್ಲಿ ವಿತಸ್ತಾ, ಎಂದರೆ ಇಂದಿನ ಝೀಲಂ, ನದಿಯ ದಡದಲ್ಲಿ ಅಲೆಗ್ಸಾಂಡರನನ್ನು ಎದುರಿಸಿದ ಪುರೂರಾಜನ ಸೈನಿಕರು. ಗ್ರೀಕ್ ಭಾಷೆಯಲ್ಲಿ ಬರೆದ ಇತಿಹಾಸಕಾರ ಅರಿಯನ್ ಹೇಳುವ ಪ್ರಕಾರ ಪುರುವಿನ ವ್ಯೂಹದಲ್ಲಿ ಆನೆಗಳು 200, ರಥಗಳು 300, ಕುದುರೆ ಸವಾರರು 4,000, ಪದಾತಿಗಳು 30,000. ಆನೆಗಳನ್ನು ಮುಂದೆ, ಒಂದರಿಂದೊಂದಕ್ಕೆ ನೂರಡಿಗೆ ಕಡಿಮೆಯಿಲ್ಲದ ಅಂತರದಲ್ಲಿ ಸಾಲಾಗಿ ನಿಲ್ಲಿಸಲಾಗಿತ್ತು.

1994ರ ಬೊಂಬೆಗಳಲ್ಲಿ ಎಂಟೂ ಆನೆಗಳ ಮೇಲೆ ಅಂಬಾರಿ ಇತ್ತು. ರಟ್ಟಿನಿಂದ ಕತ್ತರಿಸಿ ಚಿನ್ನದ ಬಣ್ಣದ ಕಾಗದ ಅಂಟಿಸಿದ್ದರು. ತಾಳವಾಡಿ ಸೀಮೆಯ ಮಕ್ಕಳಿಗೆ ರಾಜನ ಆನೆ ಎಂದರೆ ಮೈಸೂರು ದಸರೆಯ ಆನೆಯೇ ತಾನೆ ಕಣ್ಮುಂದೆ ಬರುವುದು! ಆದರೆ ವಿತಸ್ತಾ ಯುದ್ಧದ ಆನೆಗಳ ಮೇಲೆ ಗೋಪುರ ಕಟ್ಟಿರಲಿಲ್ಲ, ಯೋಧರು ಆನೆಯ ಬೆನ್ನಿನ ಮೇಲೆ ಕಾಲು ಇಳಿಬಿಟ್ಟು ಕುಳಿತಿದ್ದರು ಎಂಬುದು ಇಂದಿನ ವಿದ್ವಾಂಸರಲ್ಲಿ ಹೆಚ್ಚಿನವರ ಅಭಿಪ್ರಾಯ. ಯುದ್ಧದಾನೆಯ ಮೇಲೆ ಗೋಪುರ ಕಟ್ಟುವ ಪದ್ಧತಿ ಅಲೆಗ್ಸಾಂಡರನ ಅನಂತರದ ಗ್ರೀಕ್ ಅರಸರ ಸೈನ್ಯಗಳಲ್ಲಿ ಕಾಣಿಸಿಕೊಂಡಿತು. ಸಾಂಚಿಯ ಶಿಲ್ಪಗಳಲ್ಲಿಯೂ ಸವಾರರು ಆನೆಯ ಬೆನ್ನ ಮೇಲೇ ಕುಳಿತಿರುವುದನ್ನು ನೋಡಬಹುದು. ಡಿಯೊಡೋರಸ್ ಎಂಬ ಇತಿಹಾಸಕಾರನು ಈ ಸೈನ್ಯವನ್ನು ಒಂದು ನಗರಕ್ಕೆ ಹೋಲಿಸಿ, ಆನೆಗಳು ಬುರುಜುಗಳಂತೆ, ನಡುವಿನ ಸೈನಿಕರು ಗೋಡೆಯಂತೆ ಕಂಡರೆಂದು ಬರೆದಿದ್ದಾನೆ. ಅಲ್ಲಿ ಆನೆಯೇ ಬುರುಜು. ಆನೆಯ ಮೇಲೆ ಬುರುಜಲ್ಲ.

ಉಡುಪಿನ ವಿಷಯವೂ ಹಾಗೆಯೇ. ನಮ್ಮ ಕಾಲಾಳುಗಳಿಗೆ ಕೆಂಪು, ಹಸುರು ಅಂಗಿಗಳಿದ್ದವು. ಅಲೆಗ್ಸಾಂಡರನ ನೌಕಾಧಿಪತಿ ನಿಯಾರ್ಕಸನು ಕಂಡದ್ದನ್ನು ಅರಿಯನ್ ಸಂಗ್ರಹಿಸಿದ್ದಾನೆ. ಅದರಂತೆ ಭಾರತೀಯರು ಗಿಡದಲ್ಲಿ ಬೆಳೆಯುವ ನಾರಿನ, ಅಂದರೆ ಹತ್ತಿಯ, ಬೆಳ್ಳನೆಯ ಬಟ್ಟೆ ಉಡುತ್ತಿದ್ದರು. ಬಣ್ಣವಿದ್ದದ್ದು ಗಡ್ಡಕ್ಕೆ! ಬಿಳಿ, ನೀಲಿ, ಕೆಂಪು, ನೇರಳೆ, ಹಸುರು ಹೀಗೆ ತರತರವಾಗಿ ಗಡ್ಡಕ್ಕೆ ಬಣ್ಣ ಹಾಕಿಕೊಳ್ಳುತ್ತಿದ್ದರಂತೆ. ಬಿಲ್ಲು ಆಳುದ್ದ, ಅದರ ಒಂದು ತುದಿಯನ್ನು ನೆಲಕ್ಕೂರಿ, ಎಡಗಾಲಿನಿಂದ ಒತ್ತಿ ಹಿಡಿದು ಬಾಣ ಬಿಡುತ್ತಿದ್ದರು. ನಮ್ಮ ಬೊಂಬೆಗಳ ಕೈಯಲ್ಲಿದ್ದದ್ದು ಮೊಳದುದ್ದದ ಬಿಲ್ಲು.

ಪುರು ಸೋತದ್ದೇಕೆ ಎಂಬುದಕ್ಕೂ ಈ ವಿವರಗಳಿಂದ ಬೆಳಕು ದೊರೆಯುತ್ತದೆ. ಮಳೆಯಿಂದ ನೆಲ ಕೆಸರಾಗಿ, ಅಲೆಗ್ಸಾಂಡರನನ್ನು ತಡೆಯಲು ಮೊದಲು ಹೋದ ರಥಗಳು ಹೂತುಕೊಂಡವು. ಆನೆಗಳು ಇಕ್ಕಟ್ಟಿಗೆ ಸಿಕ್ಕಿ, ಗಾಯಗೊಂಡು, ಮಾವುತರನ್ನು ಕಳೆದುಕೊಂಡು ತಮ್ಮವರನ್ನೂ ತುಳಿದವು. ಕಬ್ಬಿನ ಗದ್ದೆಗೆ ನುಗ್ಗಿದ ಆನೆಯನ್ನು ನಾಲ್ಕು ಕಡೆಯಿಂದಲೂ ಅಟ್ಟಬಾರದು, ಕಾಡಿನ ಕಡೆ ದಾರಿ ಬಿಡಬೇಕು ಎಂದು ನಮ್ಮೂರಿನ ಹಿರಿಯರು ಹೇಳುವುದಿಲ್ಲವೇ? ಆ ಮಾತಿನ ಅರ್ಥ ವಿತಸ್ತಾ ದಡದಲ್ಲಿಯೂ ಕಾಣುತ್ತದೆ.

ನಾವು ಮಾಡಿದ್ದು

ಇನ್ನು ಲೆಕ್ಕ. ಎಂಟು ಆನೆಗಳು 200 ಆನೆಗಳ ಬದಲು ನಿಂತರೆ ಒಂದು ಬೊಂಬೆಗೆ 25. ಅದೇ ಪ್ರಮಾಣದಲ್ಲಿ ಕಾಲಾಳುಗಳು 1,200 ಬೇಕು! ಅಷ್ಟು ಮಾಡುವುದು ಸಾಧ್ಯವಿಲ್ಲ. ಕಾಲಾಳುಗಳ ಪ್ರಮಾಣಕ್ಕೆ ಇಳಿಸೋಣವೆಂದರೆ ಒಂದೇ ಆನೆ ಉಳಿಯುತ್ತದೆ. ಆಗ ಆನೆಗಳ ಸಾಲು ಕಾಣುವುದೆಲ್ಲಿ? ಯುದ್ಧದಾಟದವರಿಗೂ ಇದೇ ತೊಡಕು. ಅವರು ಆನೆಗೊಂದು ಪ್ರಮಾಣ, ಕಾಲಾಳಿಗೊಂದು ಪ್ರಮಾಣ ಇಟ್ಟುಕೊಂಡು ಅದನ್ನು ನಿಯಮದಲ್ಲಿ ಬರೆದುಬಿಡುತ್ತಾರೆ. ನಾವೂ ಹಾಗೆಯೇ ಮಾಡಿದೆವು. ಒಂದು ಆನೆ ಎಂದರೆ 25, ಒಂದು ರಥ ಎಂದರೆ 50, ಒಬ್ಬ ಸವಾರ ಎಂದರೆ 200. ಕಾಲಾಳುಗಳು 110 ಇದ್ದಾಗ ಲೆಕ್ಕ ಸರಿಬರುತ್ತಿರಲಿಲ್ಲ. ಬಕೆಟ್ಟಿನಲ್ಲಿ ಕರಗಿದ ಹತ್ತು ಮಂದಿಯನ್ನು ಕಳೆದರೆ 100. ಒಬ್ಬ ಎಂದರೆ ಸರಿಯಾಗಿ 300. ಆ ಹತ್ತು ಮಂದಿ ಪ್ರಾಣ ಕೊಟ್ಟು ನಮ್ಮ ಲೆಕ್ಕವನ್ನು ಉಳಿಸಿದರೆಂದು ಮಕ್ಕಳು ನಗಾಡಿದರು.

ಹಳೆಯ ಬಣ್ಣವನ್ನು ನಾವು ಕೆರೆಯಲಿಲ್ಲ. ಒದ್ದೆ ಬಟ್ಟೆಯನ್ನು ಚೆನ್ನಾಗಿ ಹಿಂಡಿ ಧೂಳು ಒರಸಿ, ಎದ್ದಿದ್ದ ಹೆಪ್ಪಳಿಕೆಯನ್ನು ಗೋಂದಿನಿಂದ ಕೂರಿಸಿ, ಅದರ ಮೇಲೆಯೇ ಅಕ್ರಿಲಿಕ್ ಬಣ್ಣವನ್ನು ತೆಳ್ಳಗೆ ಹಚ್ಚಿದೆವು. ಬಿದಿರಿನ ಸೀಳುಗಳಿಂದ ಆಳುದ್ದದ ಬಿಲ್ಲುಗಳಾದವು. ಎತ್ತರದ ಸೈನಿಕರನ್ನೆಲ್ಲ ಒಂದು ತುಕಡಿಯಲ್ಲಿ, ಕುಳ್ಳರನ್ನು ಇನ್ನೊಂದರಲ್ಲಿ ನಿಲ್ಲಿಸಿದೆವು. ನೀಲಿ ಗಡ್ಡ, ಹಸುರು ಗಡ್ಡಗಳನ್ನು ಬರೆಯಲು ಏಳನೆಯ ತರಗತಿಯವರಲ್ಲಿ ಪೈಪೋಟಿಯೇ ನಡೆಯಿತು.

ಅಂಬಾರಿಗಳ ವಿಷಯದಲ್ಲಿ ಮಾತ್ರ ನಮಗೆ ಕೈ ಬರಲಿಲ್ಲ. ಒಬ್ಬ ಹುಡುಗ ಎಷ್ಟೋ ಸಂಜೆ ಕುಳಿತು ಕತ್ತರಿಸಿ ಅಂಟಿಸಿದ ಕೆಲಸ ಅದು. ಆ ಹುಡುಗ ಇಂದು ನಮ್ಮ ಎಂಟನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳ ತಂದೆ. ಅವರನ್ನೇ ಕರೆಸಿ ತೋರಿಸಿದೆವು. ಒಂದು ಆನೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿದರು. ಹೊಟ್ಟೆಯ ಕೆಳಗೆ, ಮಣ್ಣು ಹಸಿಯಿದ್ದಾಗ ಒತ್ತಿದ ಹೆಬ್ಬೆರಳಿನ ಗುರುತು ಹಾಗೆಯೇ ಇತ್ತು. ಅದರ ಮೇಲೆ ತಮ್ಮ ಹೆಬ್ಬೆರಳನ್ನಿಟ್ಟು ನೋಡಿ ಸುಮ್ಮನೆ ನಕ್ಕರು. "ತಪ್ಪು ಅಂತ ಗೊತ್ತಾದ ಮೇಲೆ ತೆಗೆದುಬಿಡಿ ಸಾರ್. ನಮಗೆ ಆಗ ಅಷ್ಟೇ ಗೊತ್ತಿದ್ದದ್ದು. ಆದರೆ ಒಂದನ್ನ ಹಂಗೇ ಬಿಡಿ, ನನ್ನ ಮಗಳು ನೋಡ್ಲಿ" ಎಂದರು.

ಹಾಗೆಯೇ ಮಾಡಿದ್ದೇವೆ. ಏಳು ಆನೆಗಳ ಅಂಬಾರಿಯನ್ನು ಅವರೇ ನಿಧಾನವಾಗಿ ಬಿಡಿಸಿಕೊಟ್ಟರು; ಅವರ ಮಗಳು ಕಾಲು ಇಳಿಬಿಟ್ಟು ಕುಳಿತ ಹೊಸ ಸವಾರರನ್ನು ಮಾಡಿದಳು. ಎಂಟನೆಯ ಆನೆ ಅಂಬಾರಿಯೊಡನೆ ಸಾಲಿನ ಕೊನೆಯಲ್ಲಿ ನಿಂತಿದೆ. ಅದರ ಮುಂದಿನ ಚೀಟಿಯಲ್ಲಿ "1994ರಲ್ಲಿ ನಾವು ಹೀಗೆ ತಿಳಿದಿದ್ದೆವು" ಎಂದು ಬರೆದಿದ್ದೇವೆ. ಉಳಿದ ಏಳರ ಮುಂದೆ "ಈಗ ಹೀಗೆ ತಿಳಿದಿದ್ದೇವೆ" ಎಂಬ ಚೀಟಿಯಿದೆ.

ಮುಂದೆ ಇನ್ನೂ ಇಪ್ಪತ್ತು ಮೂವತ್ತು ವರ್ಷಗಳ ಮೇಲೆ ಯಾರಾದರೂ ಈ ಬೀರುವನ್ನು ತೆರೆದಾರು. ಅಷ್ಟರಲ್ಲಿ ಹೊಸ ಉತ್ಖನನಗಳು, ಹೊಸ ಓದು ನಮ್ಮ ತಪ್ಪುಗಳನ್ನೂ ತೋರಿಸಿಕೊಟ್ಟಿರಬಹುದು. ಅವರಿಗೆ ಸುಲಭವಾಗಲೆಂದು ಯಾವ ಬೊಂಬೆಗೆ ಏನು ಮಾಡಿದೆವು, ಯಾವ ಬಣ್ಣ ಹಚ್ಚಿದೆವು, ಯಾವ ಆಧಾರದಿಂದ ಮಾಡಿದೆವು ಎಂಬುದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಬೊಂಬೆಗಳ ಜೊತೆಗೇ ಇಟ್ಟಿದ್ದೇವೆ. ಕೊನೆಯ ಕೆಲವು ಹಾಳೆಗಳನ್ನು ಖಾಲಿ ಬಿಟ್ಟಿದ್ದೇವೆ. ಪೋಷಕರು ಶಾಲೆಗೆ ಬಂದಾಗ ಒಮ್ಮೆ ಆ ಬೀರುವಿನ ಮುಂದೆ ನಿಂತು ನೋಡಬೇಕೆಂದು ಕೋರುತ್ತೇವೆ. ಅಲ್ಲಿರುವ ಕಾಲಾಳುಗಳಲ್ಲಿ ನಿಮ್ಮ ಕೈಯವನೂ ಒಬ್ಬನಿರಬಹುದು.